ಆಕಾಶವಾಣಿ ಧಾರವಾಡ ಮತ್ತು ರೋಣ, ನರಗುಂದ, ಗಜೇಂದ್ರಗಡದ ಕೇಳುಗರು

ಗದಗ ಜಿಲ್ಲೆಯ ಬಡಗಣ ಅಂಚಿನಲ್ಲಿರುವ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಪಾಲಿಗೆ 1950ರಿಂದಲೂ ಸಾರ್ವಜನಿಕ ಬಾನುಲಿ ಎಂದರೆ ಧಾರವಾಡ ಕೇಂದ್ರ. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಈ ಊರುಗಳು ಧಾರವಾಡ ಜಿಲ್ಲೆಯಲ್ಲೇ ಇದ್ದವು, ಗಜೇಂದ್ರಗಡವಂತೂ ರೋಣ ತಾಲ್ಲೂಕಿನ ಒಂದು ಊರಾಗಿತ್ತು. ಹೀಗಾಗಿ ಧಾರವಾಡದ ಕೇಂದ್ರ ಇಲ್ಲಿಯವರಿಗೆ ದೂರದ ಸರ್ಕಾರಿ ಕಚೇರಿಯಾಗಿರಲಿಲ್ಲ, ತಮ್ಮದೇ ಜಿಲ್ಲೆಯ ಕೇಂದ್ರವಾಗಿತ್ತು. ಹಾಡುವವರು, ಭಜನಾ ಮೇಳದವರು, ಒಕ್ಕಲುತನದ ಅನುಭವ ಹೇಳುವ ರೈತರು ಹೀಗೆ ಕಾರ್ಯಕ್ರಮದ ಸರಕನ್ನೇ ಒದಗಿಸಿದ ಸೀಮೆ ಇದು. ಬರೀ ಕೇಳುಗರ ಸೀಮೆ ಎಂದು ಲೆಕ್ಕ ಹಾಕಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ.

ಸ್ಥಾಪನೆ

ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಉಳಿದ ಆಕಾಶವಾಣಿ ಕೇಂದ್ರಗಳು ಆರು: ದೆಹಲಿ, ಮುಂಬಯಿ, ಕಲ್ಕತ್ತೆ, ಮದ್ರಾಸು, ತಿರುಚಿರಾಪಳ್ಳಿ, ಲಖನೌ. ಕನ್ನಡಕ್ಕೆ ಅವುಗಳಲ್ಲಿ ಒಂದೂ ಮೀಸಲಾಗಿರಲಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ಕೇಂದ್ರವಿತ್ತಾದರೂ ಅದು ಸಂಸ್ಥಾನದ್ದು. ಮುಂಬಯಿ ಕರ್ನಾಟಕದವರು ಕನ್ನಡ ಕೇಳಬೇಕಾದರೆ ಮುಂಬಯಿ ಕೇಂದ್ರ ಮರಾಠಿ, ಗುಜರಾತಿಗಳ ನಡುವೆ ಬಿಟ್ಟುಕೊಡುತ್ತಿದ್ದ ಹೊತ್ತಿಗೆ ಕಾಯಬೇಕಿತ್ತು.

1950ರ ಜನವರಿ 8ರಂದು ಧಾರವಾಡ ಕೇಂದ್ರ ಪ್ರಸಾರ ಆರಂಭಿಸಿತು. ಆಗ ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆ ರಂಗನಾಥ ದಿವಾಕರರ ಕೈಯಲ್ಲಿತ್ತು. ಅವರು ಇದೇ ಸೀಮೆಯವರು, ಏಕೀಕರಣ ಚಳವಳಿಯ ಮುಂದಾಳು. ಮೈಸೂರಿನ ಕೇಂದ್ರ ಆಕಾಶವಾಣಿಯ ತೆಕ್ಕೆಗೆ ಬಂದದ್ದು ಆಮೇಲೆ, 1950ರ ಏಪ್ರಿಲ್‌ನಲ್ಲಿ. ಕನ್ನಡಕ್ಕಾಗಿಯೇ ಆಕಾಶವಾಣಿ ಕಟ್ಟಿದ ಮೊದಲ ಕೇಂದ್ರ ಧಾರವಾಡದ್ದು ಎಂದರೆ ತಪ್ಪಾಗದು. ರಾಜ್ಯ ಒಂದಾಗಲು ಇನ್ನೂ ಆರು ವರ್ಷ, ಹತ್ತು ತಿಂಗಳು ಬಾಕಿ ಇತ್ತು. ರೋಣ ತಾಲ್ಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರಂಥವರು ಏಕೀಕರಣಕ್ಕಾಗಿ ಊರೂರು ತಿರುಗುತ್ತಿದ್ದ ಆ ದಿನಗಳಲ್ಲಿ, ಮುಂಬಯಿ ರಾಜ್ಯದ ಒಳಗಿದ್ದುಕೊಂಡೇ ಬೆಳಗಿನಿಂದ ರಾತ್ರಿಯವರೆಗೆ ಕನ್ನಡದಲ್ಲಿ ಮಾತನಾಡುವ ಒಂದು ಸಂಸ್ಥೆ ಹುಟ್ಟಿದ್ದು ಸಣ್ಣ ಸಂಗತಿಯಲ್ಲ.

ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಿಂದ 1956ರಲ್ಲಿ ನಿವೃತ್ತರಾದ ದ.ರಾ. ಬೇಂದ್ರೆ ಈ ಕೇಂದ್ರದ ಸಲಹೆಗಾರರಾದರು. ಮಲ್ಲಿಕಾರ್ಜುನ ಮನ್ಸೂರ ಸಂಗೀತ ಸಲಹೆಗಾರರಾಗಿದ್ದರು. ಕಾದಂಬರಿಕಾರ ಎನ್ಕೆ ಕುಲಕರ್ಣಿಯವರೂ ಇಲ್ಲಿ ಕೆಲಸ ಮಾಡಿದವರೇ. ಸಾಹಿತಿಗಳನ್ನೂ ಸಂಗೀತಗಾರರನ್ನೂ ಕಚೇರಿಯ ಒಳಗೇ ಕೂರಿಸುವ ಈ ಪದ್ಧತಿಯಿಂದ ಕಡತಗಳಿಗೆ ಏನಾಯಿತೋ, ಕಾರ್ಯಕ್ರಮಗಳಿಗಂತೂ ಲಾಭವಾಯಿತು.

ಅಲೆ ಮತ್ತು ನೆಲ

ಕೇಂದ್ರದ ಮುಖ್ಯ ಪ್ರಸಾರ ಮಧ್ಯಮ ತರಂಗದ 765 ಕಿಲೋಹರ್ಟ್ಜ್‌ನದು. ಹಳೆಯ ರೇಡಿಯೋಗಳ ಮುಳ್ಳನ್ನು ಮೀಟರ್ ಲೆಕ್ಕದಲ್ಲಿ ತಿರುಗಿಸುತ್ತಿದ್ದವರಿಗೆ ಇದು 392 ಮೀಟರ್. ಪ್ರೇಷಕದ ಸಾಮರ್ಥ್ಯ 200 ಕಿಲೋವಾಟ್. ಹಗಲಿನಲ್ಲಿ ಮಧ್ಯಮ ತರಂಗ ನೆಲಕ್ಕೆ ಅಂಟಿಕೊಂಡು ಸಾಗುತ್ತದೆ, ನೆಲದಲ್ಲಿ ತೇವವೂ ಜೇಡಿಯೂ ಹೆಚ್ಚಿದ್ದಷ್ಟು ಅದು ಹೆಚ್ಚು ದೂರ ಹೋಗುತ್ತದೆ. ನರಗುಂದದಿಂದ ರೋಣದವರೆಗಿನ ಎರಿ ಹೊಲಗಳ ಬಯಲು ಇದಕ್ಕೆ ಹೇಳಿ ಮಾಡಿಸಿದಂಥದು. ಗಜೇಂದ್ರಗಡದ ಸುತ್ತಿನ ಮಸಾರಿ, ಕಲ್ಲುಗುಡ್ಡದ ನೆಲ ಅಷ್ಟು ಉದಾರಿಯಲ್ಲ. ರಾತ್ರಿಯಾದೊಡನೆ ಅಲೆಗಳು ಮೇಲಿನ ವಾತಾವರಣಕ್ಕೆ ಬಡಿದು ದೂರದೂರಕ್ಕೆ ಚಿಮ್ಮುವುದರಿಂದ ಬೇರೆ ಕೇಂದ್ರಗಳೂ ಅದೇ ಮುಳ್ಳಿನಡಿ ಬಂದು ಸೇರುತ್ತವೆ. ಒಂಬತ್ತೂವರೆಯ ನಾಟಕದ ನಡುವೆ ತಿಳಿಯದ ಭಾಷೆಯೊಂದು ನುಸುಳಿದ ನೆನಪು ಹಳೆಯ ಕೇಳುಗರಿಗೆಲ್ಲ ಇದ್ದೇ ಇರುತ್ತದೆ.

ಧಾರವಾಡದ ವಿವಿಧ ಭಾರತಿ 103 ಮೆಗಾಹರ್ಟ್ಜ್ ಎಫ್.ಎಂ.ನಲ್ಲಿ ಸಿಗುತ್ತದೆ. ಆದರೆ ಎಫ್.ಎಂ. ಅಲೆ ಹೆಚ್ಚುಕಡಿಮೆ ಕಣ್ಣು ಹಾಯುವಷ್ಟೇ ದೂರ ಹೋಗುವುದು. ಧಾರವಾಡಕ್ಕೆ ಹತ್ತಿರದ ನರಗುಂದಕ್ಕೂ ಕೊಪ್ಪಳ ಜಿಲ್ಲೆಯ ಸರಹದ್ದಿಗೆ ತಾಗಿದ ಗಜೇಂದ್ರಗಡಕ್ಕೂ ಇದರಲ್ಲಿ ಬಹಳ ವ್ಯತ್ಯಾಸ ಬೀಳುತ್ತದೆ. ಮಧ್ಯಮ ತರಂಗಕ್ಕೆ ಈಗಿನ ಕಾಟ ಬೇರೆ ತರಹದ್ದು. ಮೊಬೈಲ್ ಚಾರ್ಜರು, ಎಲ್ಇಡಿ ಬಲ್ಬು, ಪಂಪ್‌ಸೆಟ್ಟಿನ ಸ್ಟಾರ್ಟರು ಎಲ್ಲವೂ ಅದೇ ಪಟ್ಟಿಯಲ್ಲಿ ಗರಗರ ಸದ್ದು ಎಬ್ಬಿಸುತ್ತವೆ. ಮನೆಯಲ್ಲಿ ಕರೆಂಟು ಹೋದಾಗ ಧಾರವಾಡ ತಿಳಿಯಾಗಿ ಕೇಳುವುದು ಅದಕ್ಕೇ.

ತಿಂಗಳ ಪಟ್ಟಿ

ದಿನದ ಪ್ರಸಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಸಭೆಗಳಲ್ಲಿ ಹಂಚಿಹೋಗಿರುತ್ತದೆ. ಇಡೀ ದೇಶದ ಕೇಂದ್ರಗಳಂತೆ ಧಾರವಾಡಕ್ಕೂ ಒಂದು ‘ಫಿಕ್ಸ್ಡ್ ಪಾಯಿಂಟ್ ಚಾರ್ಟು’ ಇರುತ್ತದೆ. ಯಾವ ವಾರ, ಯಾವ ಹೊತ್ತಿಗೆ ವಾರ್ತೆ, ಯಾವಾಗ ರೈತರ ಕಾರ್ಯಕ್ರಮ, ಮಹಿಳೆಯರದು ಯಾವ ದಿನ, ಮಕ್ಕಳದು ಯಾವ ದಿನ, ನಾಟಕ ಎಷ್ಟು ನಿಮಿಷ ಎಂಬ ಖಾಲಿ ಚೌಕಗಳ ಚಾರ್ಟು ಅದು. ವರ್ಷವನ್ನು ಜನವರಿಯಿಂದ ಮೂರು ಮೂರು ತಿಂಗಳ ನಾಲ್ಕು ಭಾಗ ಮಾಡಿ, ಆ ಚೌಕಗಳಲ್ಲಿ ಯಾವ ವಿಷಯ, ಯಾರ ಮಾತು, ಯಾರ ಗಾಯನ ಎಂಬುದನ್ನು ಮೊದಲೇ ಪ್ರಸ್ತಾವದ ರೂಪದಲ್ಲಿ ತುಂಬುತ್ತಾರೆ. ಅದರಿಂದ ತಿಂಗಳ ಪಟ್ಟಿ, ತಿಂಗಳ ಪಟ್ಟಿಯಿಂದ ದಿನದ ಕ್ಯೂ ಶೀಟು. ಡ್ಯೂಟಿ ರೂಮಿನಲ್ಲಿ ಕುಳಿತ ಅಧಿಕಾರಿ ಕ್ಯೂ ಶೀಟನ್ನು ಮುಂದಿಟ್ಟುಕೊಂಡು ಪ್ರಸಾರ ಕೇಳುತ್ತಾ ತಪ್ಪುಗಳನ್ನು ದಾಖಲಿಸುತ್ತಾರೆ: ಎರಡು ನಿಮಿಷ ತಡವಾದದ್ದು, ಉದ್ಘೋಷಕರ ಬಾಯಲ್ಲಿ ಊರಿನ ಹೆಸರು ಕೆಟ್ಟದ್ದು, ಧ್ವನಿಮುದ್ರಣ ಅರ್ಧಕ್ಕೆ ನಿಂತದ್ದು. ಮರುದಿನದ ಬೆಳಗಿನ ಸಭೆಯಲ್ಲಿ ಅದನ್ನು ಓದಲಾಗುತ್ತದೆ.

ಚಾರ್ಟು ದೆಹಲಿಯ ಮಾದರಿಯದಾದರೂ ಅದರೊಳಗಿನ ತಿಂಗಳು ಇಲ್ಲಿಯದು. ಕೃಷಿ ವಿಭಾಗದವರ ಪಟ್ಟಿ ನೋಡಿದರೆ ಇಂಗ್ಲಿಷ್ ತಿಂಗಳಿಗಿಂತ ಮಳೆ ನಕ್ಷತ್ರಗಳೇ ಎದ್ದು ಕಾಣುತ್ತವೆ. ರೋಹಿಣಿ, ಮೃಗಶಿರದ ಹೊತ್ತಿಗೆ ಬೀಜೋಪಚಾರ, ಹೆಸರಿನ ಬಿತ್ತನೆ. ಶ್ರಾವಣದ ಕೊನೆಗೆ ಹೆಸರಿನ ರಾಶಿ, ಮಳೆಗೆ ಸಿಕ್ಕ ಕಾಳು ಒಣಗಿಸುವ ಬಗೆ. ಉತ್ತರಿ, ಹಸ್ತ, ಚಿತ್ತಿ ಮಳೆಗೆ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬಿ. ಕಡಲೆ ಬಿತ್ತಿ ತಿಂಗಳಾಗುತ್ತಿದ್ದಂತೆ ಕುಡಿ ಚಿವುಟಬೇಕು, ಆಗ ಕವಲು ಒಡೆದು ಕಾಯಿ ಹೆಚ್ಚು ಹಿಡಿಯುತ್ತದೆ. ಹೂವಾಡುವಾಗ ಕಾಯಿಕೊರಕ ಹುಳಕ್ಕೆ ಕಣ್ಣಿಡಬೇಕು. ಈ ಎರಡು ಮಾತನ್ನು ಕೇಂದ್ರ ವರ್ಷವರ್ಷವೂ ಹೇಳುತ್ತದೆ. ಹಳೆಯ ವಿಷಯ ಎಂದು ಪೇಟೆಯ ಕೇಳುಗ ಬೇಸರಪಡಬಹುದು, ಆದರೆ ಬೆಳೆ ಪ್ರತಿ ವರ್ಷ ಹೊಸದು. ಹಾಗೆ ನೋಡಿದರೆ ಆಕಾಶವಾಣಿಯ ಪುನರುಕ್ತಿಗಳಲ್ಲಿ ಸಮರ್ಥನೆ ಇರುವುದು ಇದೊಂದಕ್ಕೇ.

ಮೂರು ತಾಲ್ಲೂಕುಗಳ ಅಗತ್ಯ ಒಂದೇ ಅಲ್ಲ. ಮಲಪ್ರಭೆಯ ಬಲದಂಡೆ ಕಾಲುವೆ ನರಗುಂದ ಮತ್ತು ರೋಣದ ಕೆಲ ಭಾಗಕ್ಕೆ ನೀರು ತಂದಿತು. ಎರಿ ನೆಲಕ್ಕೆ ನೀರು ಹೆಚ್ಚಾದರೆ ಸವುಳು ಏಳುತ್ತದೆ ಎಂಬ ಪಾಠ ಅಲ್ಲಿಗೆ ಬೇಕು. ಗಜೇಂದ್ರಗಡದ ಕಡೆ ಮಳೆಯೇ ಗತಿ, ಅಲ್ಲಿಗೆ ಬದು, ಕೃಷಿಹೊಂಡದ ಮಾತು ಹೊಂದುತ್ತದೆ. ಇಂಥ ವಿಷಯಗಳಿಗೆ ತಜ್ಞರು ಬರುವುದು ಧಾರವಾಡದ ಕೃಷಿ ವಿಶ್ವವಿದ್ಯಾಲಯದಿಂದ ಮತ್ತು ಗದಗ ಸಮೀಪದ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಿಂದ. 1972ರಲ್ಲಿ ಬಿ.ಎಚ್. ಕಾತರಕಿಯವರು ಧಾರವಾಡದಲ್ಲಿ ರೂಪಿಸಿದ ವರಲಕ್ಷ್ಮಿ ಹೈಬ್ರಿಡ್ ಹತ್ತಿಯ ಬೇಸಾಯ ಅತಿ ನಾಜೂಕಿನದು. ಬಿತ್ತುವ ಅಂತರ, ಗೊಬ್ಬರದ ಕಂತು, ಸಿಂಪರಣೆಯ ಹೊತ್ತು ಎಲ್ಲವೂ ಹೊಸದಾಗಿದ್ದ ಅಂಥ ಬೆಳೆಗೆ ಬಾಯಿಮಾತಿನ ಪಾಠಶಾಲೆಯಾಗಿ ಒದಗಬಲ್ಲ ಮಾಧ್ಯಮ ಆ ಕಾಲಕ್ಕೆ ಬಾನುಲಿಯೇ ಆಗಿತ್ತು.

ಹಬ್ಬದ ಲೆಕ್ಕವೂ ಪಟ್ಟಿಯಲ್ಲಿ ಸೇರುತ್ತದೆ. ಕಾರ ಹುಣ್ಣಿಮೆ, ನಾಗರ ಪಂಚಮಿ, ಶೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆಗಳಿಗೆ ಹೊಂದುವ ಜನಪದ ಹಾಡು, ಮೊಹರಂ ಹತ್ತಿರ ಬಂದಾಗ ರಿವಾಯತ, ಶ್ರಾವಣದಲ್ಲಿ ವಚನ ಮತ್ತು ತತ್ವಪದ. ಇವುಗಳಲ್ಲಿ ಹೆಚ್ಚಿನವನ್ನು ರೆಕಾರ್ಡರ್ ಹಿಡಿದು ಹಳ್ಳಿಗೆ ಹೋಗಿಯೇ ಧ್ವನಿಮುದ್ರಿಸಬೇಕು. ಡೊಳ್ಳಿನ ಮೇಳವನ್ನು ಸ್ಟುಡಿಯೋದ ಹತ್ತಿಗೋಡೆಗಳ ನಡುವೆ ಕೂರಿಸಿದರೆ ಡೊಳ್ಳೂ ಉಳಿಯದು, ಮೈಕೂ ಉಳಿಯದು.

ಕಲಾವಿದರು

1952ರಲ್ಲಿ ಬಿ.ವಿ. ಕೇಸ್ಕರ್ ಪ್ರಸಾರ ಸಚಿವರಾದ ಮೇಲೆ ಸಂಗೀತಗಾರರಿಗೆ ಧ್ವನಿಪರೀಕ್ಷೆ ಮತ್ತು ದರ್ಜೆ ಬಂದವು: ಬಿ, ಬಿ-ಹೈ, ಎ, ಟಾಪ್. ದರ್ಜೆ ಸಿಕ್ಕವರಿಗೆ ಸರದಿಯ ಮೇಲೆ ಕಾರ್ಯಕ್ರಮ. ಅಂಚೆಯಲ್ಲಿ ಒಪ್ಪಂದದ ಪತ್ರ ಬರುತ್ತದೆ, ಅದರಲ್ಲಿ ದಿನ, ಹೊತ್ತು, ಅವಧಿ, ಸಂಭಾವನೆ. ಒಪ್ಪಿಗೆಯ ಚೀಟಿಗೆ ಸಹಿ ಹಾಕಿ, ಹಾಡಲಿರುವ ರಾಗಗಳ ಹೆಸರು ಬರೆದು ತಿರುಗಿ ಕಳಿಸಬೇಕು. ಹೊರಗಿನ ಊರಿನವರಿಗೆ ಪ್ರಯಾಣ ಭತ್ಯೆಯೂ ಉಂಟು. ‘ರೇಡಿಯೋ ಆರ್ಟಿಸ್ಟ್’ ಎಂಬ ಎರಡು ಪದ ಜಾತ್ರೆಯ ಹಸ್ತಪತ್ರಿಕೆಯಲ್ಲಿ ಹೆಸರಿನ ಮುಂದೆ ಬಂದರೆ ಗಾಯಕನ ಬೆಲೆಯೇ ಬೇರೆ. ಉತ್ತರ ಕರ್ನಾಟಕದ ಮಠಗಳ ಪುರಾಣ, ಪ್ರವಚನದ ಕರಪತ್ರಗಳಲ್ಲಿ ಇಂದಿಗೂ ಈ ಬಿರುದು ಅಚ್ಚಾಗುತ್ತದೆ.

ಈ ಭಾಗದ ಗಾಯಕರಿಗೆ ದಾರಿ ಗದಗದ ವೀರೇಶ್ವರ ಪುಣ್ಯಾಶ್ರಮದ ಮೂಲಕವೇ ಹೋಗುತ್ತಿತ್ತು. ಪಂಚಾಕ್ಷರಿ ಗವಾಯಿಗಳು ಮತ್ತು ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧರಿಗೂ ಬಡವರಿಗೂ ಅನ್ನ ಹಾಕಿ ಸಂಗೀತ ಕಲಿಸಿದ ಆಶ್ರಮದಿಂದ ಬಂದವರಲ್ಲಿ ಹಲವರು ಆಕಾಶವಾಣಿಯ ದರ್ಜೆ ಪಡೆದರು. ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರು ಧಾರವಾಡದ ಮನೆಮಾತಾದರು. ಇನ್ನೊಬ್ಬ ದೊಡ್ಡ ಗಾಯಕ ರೋಣದ ನಂಟಿನ ಭೀಮಸೇನ ಜೋಶಿ. ಅವರು ಬಾನುಲಿ ಕಲಾವಿದರಾದದ್ದು ಮಾತ್ರ 1940ರ ದಶಕದ ಮುಂಬಯಿಯಲ್ಲಿ, ಧಾರವಾಡ ಕೇಂದ್ರ ಹುಟ್ಟುವ ಮುಂಚೆ. ಹತ್ತು ವರ್ಷ ತಡವಾಗಿ ಹುಟ್ಟಿದ್ದರೆ ಅವರೂ ರೋಣದಿಂದ ಬಸ್ಸು ಹಿಡಿದು ಧಾರವಾಡಕ್ಕೇ ಧ್ವನಿಪರೀಕ್ಷೆಗೆ ಹೋಗುತ್ತಿದ್ದರೇನೋ.

ಒಂದು ಬಿಕ್ಕಟ್ಟನ್ನು ಇಲ್ಲಿ ಹೇಳಲೇಬೇಕು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ಬಹಿಷ್ಕಾರವಿತ್ತು. ನಮ್ಮ ಸಂಗೀತದ ಶ್ರುತಿಸೂಕ್ಷ್ಮಕ್ಕೆ ಅದು ಒಗ್ಗದು ಎಂಬುದು ವಾದ. ಆದರೆ ರೋಣ, ಗಜೇಂದ್ರಗಡದ ಕಡೆ ಪೇಟಿ ಇಲ್ಲದ ಭಜನೆಯಿಲ್ಲ, ಪೇಟಿ ಮಾಸ್ತರರಿಲ್ಲದ ಬಯಲಾಟವಿಲ್ಲ, ಕಂಪನಿ ನಾಟಕವಿಲ್ಲ. ಧಾರವಾಡ ಕೇಂದ್ರದ ಮೊದಲ ಇಪ್ಪತ್ತು ವರ್ಷ ಈ ಸೀಮೆಯ ಸಂಗೀತ ತನ್ನ ಮುಖ್ಯ ವಾದ್ಯವನ್ನು ಗೇಟಿನ ಹೊರಗೆ ಬಿಟ್ಟು ಒಳಗೆ ಹೋಗಬೇಕಾಯಿತು. ಕೇಳುಗರ ಅಭಿರುಚಿ ತಿದ್ದುತ್ತೇವೆ ಎಂಬ ಹಟ ಹೆಚ್ಚಾಗಿದ್ದ ಕಾಲವದು. ಅದೇ ಕೇಸ್ಕರ್ ಸಿನಿಮಾ ಹಾಡುಗಳನ್ನೂ ದೂರ ಇಟ್ಟರು. ಜನ ರೇಡಿಯೋ ಸಿಲೋನಿನ ಕಡೆ ಮುಳ್ಳು ತಿರುಗಿಸಿದರು, 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭಿಸಿ ಆಕಾಶವಾಣಿ ಸೋಲೊಪ್ಪಿಕೊಂಡಿತು.

ಕೇಳುಗರ ಕೂಟಗಳು

ಸಾರ್ವಜನಿಕ ಬಾನುಲಿಗೆ ‘ಸದಸ್ಯ’ ಎಂಬವರು ಯಾರು? ಧಾರವಾಡ ಕೇಂದ್ರಕ್ಕಿಂತ ಒಂಬತ್ತು ತಿಂಗಳು ಮೊದಲು, 1949ರ ಏಪ್ರಿಲ್‌ನಲ್ಲಿ, ಅಮೆರಿಕದ ಬರ್ಕ್ಲಿಯಲ್ಲಿ ಕೆಪಿಎಫ್ಎ ಎಂಬ ಕೇಂದ್ರ ಶುರುವಾಯಿತು. ಜಾಹೀರಾತೂ ಇಲ್ಲದೆ ಸರ್ಕಾರದ ದುಡ್ಡೂ ಇಲ್ಲದೆ, ಕೇಳುಗರು ಇಷ್ಟಪಟ್ಟು ಕೊಡುವ ವಂತಿಗೆಯಿಂದ ಅದು ನಡೆಯಿತು. ವಂತಿಗೆ ಕೊಟ್ಟವರಿಗೆ ಕಾರ್ಯಕ್ರಮದ ಮುದ್ರಿತ ಪಟ್ಟಿ ಮನೆಗೆ ಬರುತ್ತಿತ್ತು. ಭಾರತದಲ್ಲಿ ವಂತಿಗೆ ಐಚ್ಛಿಕವಾಗಿರಲಿಲ್ಲ. ರೇಡಿಯೋ ಇಟ್ಟವರು ಅಂಚೆ ಕಚೇರಿಗೆ ಹೋಗಿ ಲೈಸೆನ್ಸು ಮಾಡಿಸಬೇಕಿತ್ತು, ಮನೆಯ ರೇಡಿಯೋಗೆ ವರ್ಷಕ್ಕೆ 15 ರೂಪಾಯಿ. ಪುಟ್ಟ ಪುಸ್ತಕದಲ್ಲಿ ಸ್ಟಾಂಪು ಹಚ್ಚಿ ಮುದ್ರೆ ಒತ್ತಿಕೊಡುತ್ತಿದ್ದರು. 1980ರ ದಶಕದಲ್ಲಿ ಲೈಸೆನ್ಸು ರದ್ದಾಯಿತು, ಆ ಪುಸ್ತಕಗಳು ಹಳೆಯ ಟ್ರಂಕುಗಳ ತಳ ಸೇರಿದವು. ಆದರೆ ಲೈಸೆನ್ಸುದಾರನನ್ನು ಕೇಂದ್ರ ಎಂದೂ ಸದಸ್ಯನೆಂದು ಕರೆಯಲಿಲ್ಲ, ಅವನು ತೆರಿಗೆ ಕಟ್ಟುವವನಷ್ಟೇ. ಇಲ್ಲಿನ ನಿಜವಾದ ಸದಸ್ಯತ್ವ ಬೆಳೆದದ್ದು ಬೇರೆ ದಾರಿಯಲ್ಲಿ.

ಮೊದಲ ದಾರಿ ಊರಿನ ರೇಡಿಯೋ. ಪಂಚಾಯತಿ ಕಟ್ಟೆಗೋ ಚಾವಡಿಗೋ ಸರ್ಕಾರ ಕೊಟ್ಟ ಸಮುದಾಯ ರೇಡಿಯೋ ಪೆಟ್ಟಿಗೆ, ಅದಕ್ಕೊಂದು ಧ್ವನಿವರ್ಧಕ. ಬ್ಯಾಟರಿ ತೀರಿದರೆ ತಾಲ್ಲೂಕು ಕೇಂದ್ರದಿಂದ ಬರುವವರೆಗೆ ಊರೇ ಮೂಕ. ಈ ಪೆಟ್ಟಿಗೆಯ ಮುಂದೆ ಜನರನ್ನು ಕೂರಿಸಿ ಚರ್ಚೆ ಮಾಡಿಸುವ ಪ್ರಯೋಗ ನಡೆದದ್ದು 1956ರಲ್ಲಿ, ಯುನೆಸ್ಕೋ ನೆರವಿನಿಂದ, ಪುಣೆ ಕೇಂದ್ರದಿಂದ. ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಇಪ್ಪತ್ತರಷ್ಟು ಸದಸ್ಯರ ಮಂಡಳಿಗಳು, ವಾರಕ್ಕೆ ಎರಡರಂತೆ ಹತ್ತು ವಾರ ಇಪ್ಪತ್ತು ಕಾರ್ಯಕ್ರಮ. ಕೇಳಿ, ಚರ್ಚಿಸಿ, ಕಾರ್ಯಕ್ಕಿಳಿಯಿರಿ ಎಂಬುದು ಕೆನಡಾದ ರೈತ ಬಾನುಲಿ ಕೂಟಗಳಿಂದ ಬಂದ ಸೂತ್ರ. ಧಾರವಾಡ ಜಿಲ್ಲೆ ಆಗ ಅದೇ ಮುಂಬಯಿ ರಾಜ್ಯದಲ್ಲಿದ್ದರೂ ಪ್ರಯೋಗ ಮರಾಠಿ ಜಿಲ್ಲೆಗಳಲ್ಲೇ ನಡೆಯಿತು. 1959ರ ಹೊತ್ತಿಗೆ ಈ ಗ್ರಾಮೀಣ ಶ್ರೋತೃ ಮಂಡಳಿಗಳು ದೇಶದ ಬೇರೆ ಕೇಂದ್ರಗಳಿಗೂ ಹಬ್ಬಿದವು. 1966ರಲ್ಲಿ ಕೃಷಿ ಮತ್ತು ಗೃಹ ವಿಭಾಗಗಳು ಬಂದ ಮೇಲೆ ರೈತರ ಚರ್ಚಾ ಮಂಡಳಗಳು ಆ ಜಾಗ ಹಿಡಿದವು. ಕಾಗದದ ಮೇಲಿನ ಮಂಡಳಿಗಳಲ್ಲಿ ಜೀವಂತವಾಗಿ ಉಳಿದವು ಕೆಲವೇ. ಶಾಲೆಯ ಮಾಸ್ತರರೋ ಗ್ರಾಮಸೇವಕರೋ ಆಸಕ್ತಿಯಿಂದ ಪ್ರಶ್ನೆ ಬರೆದು ಕಳಿಸಿದ ಊರಿನಲ್ಲಿ ಮಂಡಳಿ ನಡೆಯಿತು, ಅವರಿಗೆ ವರ್ಗವಾದರೆ ಮುಗಿಯಿತು.

ಎರಡನೆಯ ದಾರಿ ಬಾನುಲಿ ಕೃಷಿ ಶಾಲೆ. ಒಂದು ಬೆಳೆಯನ್ನೋ ಕಸುಬನ್ನೋ ಹಿಡಿದು ವಾರಕ್ಕೊಂದರಂತೆ ಪಾಠಮಾಲೆ, ಮೊದಲೇ ಹೆಸರು ನೋಂದಾಯಿಸಿದ ರೈತರು ಅದರ ವಿದ್ಯಾರ್ಥಿಗಳು. ಪಾಠದ ಕೊನೆಗೆ ಪ್ರಶ್ನೆ, ಉತ್ತರ ಅಂಚೆ ಕಾರ್ಡಿನಲ್ಲಿ. ಮಾಲಿಕೆ ಮುಗಿದಾಗ ನೋಂದಾಯಿತರನ್ನು ಒಂದೆಡೆ ಸೇರಿಸಿ, ಪಾಠ ಹೇಳಿದ ವಿಜ್ಞಾನಿಗಳನ್ನು ಎದುರಿಗೆ ಕೂರಿಸಿ, ಪ್ರಮಾಣಪತ್ರ ಕೊಡುವ ಸಮಾರೋಪ ನಡೆಯುತ್ತದೆ. ಬಾನುಲಿಯ ‘ಸದಸ್ಯರ ಸಭೆ’ ಎಂದು ಕರೆಯಬಹುದಾದ ಕೂಟ ನಮ್ಮಲ್ಲಿ ಇದ್ದರೆ ಅದು ಇದೇ. ಧ್ವನಿಯಾಗಿ ಮಾತ್ರ ಗೊತ್ತಿದ್ದವರ ಮುಖ ನೋಡುವ ಕುತೂಹಲ ಅಲ್ಲಿ ಪಾಠಕ್ಕಿಂತ ಹೆಚ್ಚಿರುತ್ತದೆ, ಉದ್ಘೋಷಕರ ಸುತ್ತ ಗುಂಪು ಕಟ್ಟುತ್ತದೆ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ದೇವರ ಪಟದ ಪಕ್ಕ ತೂಗುಹಾಕುವವರಿದ್ದಾರೆ. 2004ರ ಫೆಬ್ರವರಿಯಲ್ಲಿ ದೇಶದಾದ್ಯಂತ ಕಿಸಾನ್ ವಾಣಿ ಆರಂಭವಾದ ಮೇಲೂ ಈ ಶಾಲೆಯ ಕ್ರಮ ಬಿಟ್ಟುಹೋಗಲಿಲ್ಲ.

ಮೂರನೆಯದು ಸಂಗೀತ ಸಭೆ. 1954ರಲ್ಲಿ ಆರಂಭವಾದ ಆಕಾಶವಾಣಿ ಸಂಗೀತ ಸಮ್ಮೇಳನದ ಕಛೇರಿಗಳು ಆಮಂತ್ರಿತ ಶ್ರೋತೃಗಳ ಎದುರು ನಡೆದು, ಆಮೇಲೆ ಪ್ರಸಾರವಾಗುತ್ತವೆ. ಟಿಕೆಟ್ ಇಲ್ಲ, ಪಾಸು ಉಂಟು. ಧಾರವಾಡದಂಥ ಸಂಗೀತದ ಊರಿನಲ್ಲಿ ಪಾಸು ಖರ್ಚಾಗಲು ಹೊತ್ತು ಬೇಡ. ಗಜೇಂದ್ರಗಡದವರು ಅದನ್ನು ಕೇಳಿದ್ದು ಮಾತ್ರ ರಾತ್ರಿಯ ಬಾನುಲಿಯಲ್ಲೇ.

ಪತ್ರಗಳ ವಿಚಾರ ಹೇಳದೆ ಮುಗಿಯದು. ಕೋರಿಕೆಯ ಚಿತ್ರಗೀತೆಗೆ ಕಾರ್ಡು ಬರೆಯುವವರಲ್ಲಿ ಊರಿನ ಹೆಸರು ಕೇಳಿಸುವುದೇ ಮುಖ್ಯ ಎಂಬವರೂ ಇದ್ದರು, ಹಾಡು ನೆಪ. ಒಂದೇ ಕಾರ್ಡಿನಲ್ಲಿ ಹತ್ತು ಗೆಳೆಯರ ಹೆಸರು, ಪಕ್ಕದ ಊರಿನ ಕಾರ್ಡಿನೊಡನೆ ಪೈಪೋಟಿ. ಪತ್ರಗಳಿಗೆ ಉತ್ತರ ಕೊಡುವ ಕಾರ್ಯಕ್ರಮದಲ್ಲಿ ಬೈಗುಳ ಬಂದರೂ ನಯವಾಗಿ ಓದುವ ಸಂಪ್ರದಾಯವಿತ್ತು. ಫೋನ್-ಇನ್ ಕಾರ್ಯಕ್ರಮಗಳು ಬಂದು ಕಾರ್ಡನ್ನು ಹಿಂದೆ ಹಾಕಿದವು, ಕಾಲದ ಮಿತಿ ಬಂತು, ಕೇಳುಗ ಎರಡು ಮಾತಿನಲ್ಲಿ ಮುಗಿಸಬೇಕಾಯಿತು.

ಸರ್ಕಾರದ ದನಿ, ಜನರ ದನಿ

ಮಲಪ್ರಭಾ ಅಚ್ಚುಕಟ್ಟಿನ ಬೆಟರ್‌ಮೆಂಟ್ ಲೆವಿ ಎಂಬ ಕರ, ಕುಸಿದ ಹತ್ತಿ ಬೆಲೆ ಇವುಗಳ ವಿರುದ್ಧ ಎದ್ದ ರೈತರ ಚಳವಳಿಯ ಮೇಲೆ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ನಡೆಯಿತು. ರೈತರು ಸತ್ತರು. ರಾಜ್ಯದ ರಾಜಕಾರಣದ ದಿಕ್ಕೇ ಬದಲಾಯಿತು, ಆ ದಿನವನ್ನು ನರಗುಂದ ಇಂದಿಗೂ ರೈತ ಹುತಾತ್ಮ ದಿನವಾಗಿ ಆಚರಿಸುತ್ತದೆ. ಆಗ ಆಕಾಶವಾಣಿ ಕೇಂದ್ರ ಸರ್ಕಾರದ ಇಲಾಖೆ. ಹತ್ತಿ ಹೇಗೆ ಬೆಳೆಯಬೇಕೆಂದು ದಿನಾ ಹೇಳುತ್ತಿದ್ದ ಮಾಧ್ಯಮಕ್ಕೆ ಹತ್ತಿ ಬೆಳೆದವನ ಸಿಟ್ಟನ್ನು ಸ್ವತಂತ್ರವಾಗಿ ಹೇಳುವ ಅಧಿಕಾರ ಇರಲಿಲ್ಲ. ಆಕಾಶವಾಣಿಗೆ ಸ್ವಾಯತ್ತತೆ ಕೊಡುವ ಪ್ರಸಾರ ಭಾರತಿ ಕಾಯ್ದೆ ಪಾಸಾದದ್ದು 1990ರಲ್ಲಿ, ಅದರಂತೆ ಪ್ರಸಾರ ಭಾರತಿ ಸ್ಥಾಪನೆಯಾದದ್ದು 1997ರ ನವೆಂಬರ್ 23ರಂದು. ಸ್ವಾಯತ್ತತೆ ಎಷ್ಟರಮಟ್ಟಿಗೆ ಬಂತು ಎಂಬ ವಾದ ಮುಗಿದಿಲ್ಲ.

ವಾಯುತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿದ ಮೇಲೆ ಸಮುದಾಯ ಬಾನುಲಿಗೆ ಬಾಗಿಲು ತೆರೆಯಿತು. 2006ರ ನೀತಿಯಂತೆ ಸಂಘಸಂಸ್ಥೆಗಳೂ ಕೇಂದ್ರ ನಡೆಸಬಹುದು, ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯರೇ ಮಾಡಿದ್ದಾಗಿರಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ 90.4 ಮೆಗಾಹರ್ಟ್ಜ್‌ನಲ್ಲಿ ಇಂಥ ಕೇಂದ್ರ ತೆರೆಯಿತು. ಆದರೆ 100 ವಾಟ್, 30 ಮೀಟರ್ ಕಂಬದ ಮಿತಿಯಲ್ಲಿ ಅದರ ದನಿ ಧಾರವಾಡದ ಸುತ್ತಿನ ಹಳ್ಳಿಗಳನ್ನು ದಾಟುವುದು ಕಷ್ಟ. ನರಗುಂದದಲ್ಲಿ ಅಂಥ ಕೇಂದ್ರ ತೆರೆದರೂ ರೋಣಕ್ಕೆ ಕೇಳದು, ರೋಣದ್ದು ಗಜೇಂದ್ರಗಡಕ್ಕೆ ಕೇಳದು. ಮೂರು ತಾಲ್ಲೂಕಿಗೆ ಒಟ್ಟಿಗೆ ಮುಟ್ಟುವ ಶಕ್ತಿ ಹಳೆಯ 765ಕ್ಕೇ ಇರುವುದು.

ಪ್ರಸಾರ ಭಾರತಿಯ ಮೊಬೈಲ್ ಆ್ಯಪ್‌ನಲ್ಲಿ ಈಗ ಧಾರವಾಡ ಕೇಂದ್ರ ಗಜೇಂದ್ರಗಡದಲ್ಲಷ್ಟೇ ಅಲ್ಲ, ಕೆಲಸ ಹುಡುಕಿಕೊಂಡು ಹೋದವರ ಗೋವಾ, ಬೆಂಗಳೂರು, ಮಂಗಳೂರುಗಳಲ್ಲೂ ಗರಗರ ಸದ್ದಿಲ್ಲದೆ ಕೇಳುತ್ತದೆ. 2023ರ ಮೇ ತಿಂಗಳಿಂದ ಇಂಗ್ಲಿಷಿನಲ್ಲೂ ‘ಆಲ್ ಇಂಡಿಯಾ ರೇಡಿಯೋ’ ಹೆಸರು ಬಿಟ್ಟು ಎಲ್ಲ ಕಡೆ ‘ಆಕಾಶವಾಣಿ’ ಎಂದೇ ಬಳಸಬೇಕೆಂಬ ಆದೇಶವಾಗಿದೆ. ಮೈಸೂರಿನ ಆ ಹಳೆಯ ಕೇಂದ್ರದಿಂದ ಚಲಾವಣೆಗೆ ಬಂದ ಈ ಹೆಸರನ್ನೇ ಧಾರವಾಡದ ಕೇಳುಗರು ಮೊದಲಿನಿಂದಲೂ ಬಳಸುತ್ತಿದ್ದರು, ಈ ಆದೇಶದಿಂದ ಅವರಿಗೆ ಹೊಸದೇನೂ ಆಗಲಿಲ್ಲ.